ಮುಂಬಯಿ ರಂಗಭೂಮಿಯಲ್ಲಿ ಪಳಗಿದ 'ಮಾಲ್ಗುಡಿ'ಯ ರೂವಾರಿ ಶಂಕರ್‌ನಾಗ್

ಶಂಕರ್‌ನಾಗ್ ಎಂದೊಡನೆ ಬೆಂಗಳೂರಿನ ರಿಕ್ಷಾ ಚಾಲಕರಿಗೆ 'ಆಟೋ ರಾಜ' ನೆನಪಾಗುತ್ತದೆ, ಹೊಡೆದಾಟದ ಚಿತ್ರಗಳ ಅಭಿಮಾನಿಗಳಿಗೆ 'ಸಾಂಗ್ಲಿಯಾನ'. ಆದರೆ ಮಾಟುಂಗ, ದಾದರ್, ವಡಾಲ ಪರಿಸರದ ಕನ್ನಡಿಗರ ಮನೆಗಳಲ್ಲಿ ಅವರ ಹೆಸರಿನೊಂದಿಗೆ ಮೊದಲು ತೇಲಿ ಬರುವುದು ಎಲ್. ವೈದ್ಯನಾಥನ್ ಅವರ ಒಂದು ರಾಗ, ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳಲ್ಲಿ ಮೂಡಿದ ಒಂದು ಊರು ಮತ್ತು ತುಂಟ ಕಣ್ಣಿನ ಒಬ್ಬ ಶಾಲಾ ಹುಡುಗ. ಮುಂಬಯಿ ಕನ್ನಡಿಗರ ಪಾಲಿಗೆ ಅವರು ಮೊದಲಿಗೆ 'ಮಾಲ್ಗುಡಿ ಡೇಸ್' ಧಾರಾವಾಹಿಯ ನಿರ್ದೇಶಕರು, ಆಮೇಲೆ ಉಳಿದದ್ದೆಲ್ಲ. ಆ ಮಾಲ್ಗುಡಿಯ ರೂವಾರಿ ಕಲಾವಿದನಾಗಿ ರೂಪುಗೊಂಡದ್ದು ಇದೇ ಮುಂಬಯಿಯಲ್ಲಿ ಎಂಬುದು ಹೊಸ ತಲೆಮಾರಿನ ಅನೇಕರಿಗೆ ತಿಳಿದಿಲ್ಲ.

ಶಂಕರ್‌ನಾಗ್ ಜನಿಸಿದ್ದು 1954ರ ನವೆಂಬರ್ 9ರಂದು, ಹೊನ್ನಾವರ ತಾಲೂಕಿನಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಅಣ್ಣ ಅನಂತ್‌ನಾಗ್ ಮುಂದೆ ದೊಡ್ಡ ನಟರಾದರು. ಇಲ್ಲೊಂದು ಸ್ವಾರಸ್ಯವಿದೆ. ಇಂದಿನ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ರಾಜ್ಯದ ಭಾಗವಾಗಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೀಗಾಗಿ ಜೀವನದ ಮೊದಲ ಎರಡು ವರ್ಷ ಶಂಕರ್ ಹೊನ್ನಾವರದಲ್ಲಿದ್ದೇ ಮುಂಬಯಿ ರಾಜ್ಯದವರಾಗಿದ್ದರು ಎನ್ನಬಹುದು! ಕರಾವಳಿಯ ಆ ಭಾಗದ ಜನರಿಗೆ ಓದು, ಉದ್ಯೋಗ ಎಂದರೆ ಮುಂಬಯಿ ಎಂಬ ಕಾಲವದು. ಕೊಂಕಣ ರೈಲು ಇನ್ನೂ ಕನಸಿನಲ್ಲೂ ಇರಲಿಲ್ಲ. ಅಣ್ಣನಂತೆ ತಮ್ಮನೂ ಈ ಮಹಾನಗರಕ್ಕೆ ಬಂದು ಸೇರಿದರು.

1970ರ ದಶಕದ ಮುಂಬಯಿ ನಾಟಕದ ಹುಚ್ಚಿದ್ದವರಿಗೆ ಸ್ವರ್ಗವಾಗಿತ್ತು. ಮಾಟುಂಗದಿಂದ ಒಂದೇ ಸ್ಟೇಷನ್ ಆಚೆ, ದಾದರಿನ ಛಬೀಲ್‌ದಾಸ್ ಶಾಲೆಯ ಸಭಾಂಗಣ ಮರಾಠಿ ಪ್ರಾಯೋಗಿಕ ನಾಟಕಗಳ ನೆಲೆಯಾಗಿತ್ತು. ಅದೇ ದಾದರಿನ ಶಿವಾಜಿ ಮಂದಿರದಲ್ಲಿ ವೃತ್ತಿ ನಾಟಕಗಳಿಗೆ ಟಿಕೇಟಿಗಾಗಿ ಸಾಲು ನಿಲ್ಲಬೇಕಿತ್ತು. ಸತ್ಯದೇವ್ ದುಬೆ, ವಿಜಯ್ ತೆಂಡೂಲ್ಕರ್ ಅವರಂಥವರು ಕ್ರಿಯಾಶೀಲರಾಗಿದ್ದ ದಿನಗಳವು. ಹಗಲಿಡೀ ಕಚೇರಿಯಲ್ಲಿ ದುಡಿದು, ಸಂಜೆ ತಾಲೀಮು ನಡೆಸಿ, ಕೊನೆಯ ಲೋಕಲ್ ಹಿಡಿದು ಮನೆ ಸೇರುವ ಹವ್ಯಾಸಿ ಕಲಾವಿದರು ಈ ನಗರದ ಎಲ್ಲ ಭಾಷೆಗಳಲ್ಲೂ ಇದ್ದರು; ಕನ್ನಡದಲ್ಲೂ ಇದ್ದರು. ಇಂಥ ವಾತಾವರಣದಲ್ಲಿ ಶಂಕರ್ ಮರಾಠಿ ರಂಗಭೂಮಿಗೆ ಅಂಟಿಕೊಂಡರು. ಮುಂಬಯಿಯಲ್ಲಿ ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಅಭಿನಯಿಸುತ್ತಿದ್ದ ಅರುಂಧತಿ ರಾವ್ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲೇ, ಮುಂದೆ ಅವರೇ ಬಾಳಸಂಗಾತಿಯಾದರು. ಚಾಪೇಕರ್ ಸಹೋದರರ ಕುರಿತ ಮರಾಠಿ ಚಿತ್ರ '22 ಜೂನ್ 1897'ರ ಚಿತ್ರಕಥೆಯಲ್ಲಿ ಶಂಕರ್ ಅವರ ಪಾಲೂ ಇದೆ. ಕೊಂಕಣಿ ಮನೆಯ, ಕನ್ನಡ ನಾಡಿನ ಹುಡುಗನೊಬ್ಬ ಮರಾಠಿಯಲ್ಲಿ ಚಿತ್ರಕಥೆ ಬರೆಯುವ ಮಟ್ಟಕ್ಕೆ ಏರಿದ್ದು ಸಾಮಾನ್ಯ ಸಂಗತಿಯಲ್ಲ.

ಅವರನ್ನು ಕನ್ನಡಕ್ಕೆ ತಂದದ್ದು ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978). ಅದರಲ್ಲಿ ಬಾಡಿಗೆ ಸೈನಿಕ ಗಂಡುಗಲಿಯ ಪಾತ್ರ ಮಾಡಿದ 24ರ ತರುಣನಿಗೆ 1979ರ ದಿಲ್ಲಿ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಅಲ್ಲಿಂದ ಮುಂದಿನದು ಓಟ. 'ಮಿಂಚಿನ ಓಟ' ಎಂಬ ಹೆಸರಿನ ಚಿತ್ರವನ್ನು ಅವರೇ 1980ರಲ್ಲಿ ನಿರ್ದೇಶಿಸಿದರು, 1981ರಲ್ಲಿ 'ಗೀತಾ', 1985ರಲ್ಲಿ ರಾಷ್ಟ್ರಪ್ರಶಸ್ತಿ ತಂದ 'ಆಕ್ಸಿಡೆಂಟ್', 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನಿಟ್ಟುಕೊಂಡು 'ಒಂದು ಮುತ್ತಿನ ಕಥೆ'. ನಟನಾಗಿ ಕೇವಲ 12 ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು. ಅವುಗಳಲ್ಲಿ ಬಹುಪಾಲು ಇಂದು ಯಾರಿಗೂ ನೆನಪಿಲ್ಲ, ನೆನಪಿಡಬೇಕಾದ ಅಗತ್ಯವೂ ಇಲ್ಲ. ಅಲ್ಲಿ ಗಳಿಸಿದ ಹಣ ಹೋಗುತ್ತಿದ್ದದ್ದು ತಾವು ಕಟ್ಟಿದ 'ಸಂಕೇತ್' ನಾಟಕ ತಂಡಕ್ಕೆ, ಬೆಂಗಳೂರಿನಲ್ಲಿ ತೆರೆದ ಧ್ವನಿಮುದ್ರಣ ಸ್ಟುಡಿಯೋಗೆ, ಇನ್ನೂ ಏನೇನೋ ಯೋಜನೆಗಳಿಗೆ. ಬೆಂಗಳೂರಿಗೆ ಮೆಟ್ರೊ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ ಎಂದು ಅವರು ಓಡಾಡುತ್ತಿದ್ದಾಗ ಜನ ನಕ್ಕಿರಲೂಬಹುದು. ಲೋಕಲ್ ರೈಲಿನ ಊರಿನಲ್ಲಿ ಬೆಳೆದವನಿಗೆ ರೈಲಿಲ್ಲದ ನಗರ ಅರ್ಧ ನಗರ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಅವಸರದ ಮನುಷ್ಯ ದೂರದರ್ಶನಕ್ಕೆ ಮಾಡಿಕೊಟ್ಟದ್ದು ಅವಸರವೇ ಗೊತ್ತಿಲ್ಲದ ಒಂದು ಧಾರಾವಾಹಿಯನ್ನು! ಅವರ ಬದುಕಿನ ಬಹುದೊಡ್ಡ ವಿಸ್ಮಯ ಇದೇ ಇರಬೇಕು.

1980ರ ದಶಕದ ನಡುವಿನಲ್ಲಿ ದೂರದರ್ಶನ ಖಾಸಗಿ ನಿರ್ಮಾಪಕರಿಗೆ ಬಾಗಿಲು ತೆರೆದಿತ್ತು. 1984ರಲ್ಲಿ 'ಹಮ್ ಲೋಗ್' ಬಂದು ಮನೆಮಾತಾಗಿತ್ತು. ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ತೆರೆಗೆ ತರಲು ಹೊರಟಾಗ ನಿರ್ದೇಶನದ ಹೊಣೆ ಶಂಕರ್ ಹೆಗಲಿಗೆ ಬಂತು. ಇದು ಸುಲಭದ ಕೆಲಸವಾಗಿರಲಿಲ್ಲ. ತಮ್ಮ 'ಗೈಡ್' ಕಾದಂಬರಿಯನ್ನು 1965ರಲ್ಲಿ ಹಿಂದಿ ಚಿತ್ರ ಮಾಡಿದ ರೀತಿ ನಾರಾಯಣ್ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಮಾಲ್ಗುಡಿಯಂಥ ಪುಟ್ಟ ಊರಿನ ಕಥೆಯನ್ನು ಬಣ್ಣದ ವೈಭವಕ್ಕಾಗಿ ಎಲ್ಲೆಲ್ಲಿಗೋ ಒಯ್ದರೆಂಬ ಅಸಮಾಧಾನವನ್ನು ಅವರು ಬರೆದೇ ತೋಡಿಕೊಂಡಿದ್ದರು. ಶಂಕರ್ ಆ ದಾರಿ ಹಿಡಿಯಲಿಲ್ಲ. ತಂಡವನ್ನು ಕಟ್ಟಿಕೊಂಡು ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ನಡೆದರು. ಮಳೆಗೆ ಹೆಸರಾದ ಆ ಊರಿನ ಹೆಂಚಿನ ಮನೆಗಳು, ಜಗಲಿಗಳು, ದೊಡ್ಡಮನೆ ಎಂದೇ ಕರೆಯಲ್ಪಡುವ ಹಳೆಯ ಮನೆ, ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈಚಳಕ ಎಲ್ಲ ಸೇರಿ ಮಾಲ್ಗುಡಿ ಎದ್ದು ನಿಂತಿತು. ಶಿವಮೊಗ್ಗ ಸಮೀಪದ ಅರಸಾಳು ಎಂಬ ಸಣ್ಣ ನಿಲ್ದಾಣ ಮಾಲ್ಗುಡಿ ಸ್ಟೇಷನ್ ಆಯಿತು. 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್'ನ ಹುಡುಗನಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ವ್ಯಾಪಾರಿ ಜಗನ್ ಪಾತ್ರಕ್ಕೆ ಅಣ್ಣ ಅನಂತ್‌ನಾಗ್. ಶಂಕರ್ ನಿರ್ದೇಶಿಸಿದ್ದು ಒಟ್ಟು 39 ಕಂತು.

ಏನಿತ್ತು ಈ ಕಥೆಗಳಲ್ಲಿ? ಖಳನಾಯಕನಿಲ್ಲ, ಕೊಲೆಯಿಲ್ಲ, ಅತ್ತೆ ಸೊಸೆಯ ಸಂಚೂ ಇಲ್ಲ. ಒಬ್ಬನಿಗೆ ಲಾಟರಿಯಲ್ಲಿ ರಸ್ತೆ ಸಮ ಮಾಡುವ ಬೃಹತ್ ಎಂಜಿನ್ ಬಹುಮಾನವಾಗಿ ಬಂದು, ಅದನ್ನು ಇಡುವುದೆಲ್ಲಿ ಎಂಬುದೇ ಪ್ರಾಣಸಂಕಟವಾಗುತ್ತದೆ. ಒಬ್ಬ ಅಂಚೆಯಣ್ಣ, ಮದುವೆ ನಿಂತುಹೋದೀತೆಂದು, ಸಾವಿನ ಸುದ್ದಿಯ ಕಾಗದವನ್ನು ಮುಹೂರ್ತ ಕಳೆಯುವ ತನಕ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಅಪರಾಧ; ಆದರೆ ಆ ಮನೆಯವರು ದೂರು ಕೊಡುವುದಿಲ್ಲ.

ಇವೆಲ್ಲಕ್ಕಿಂತ ಮುಂಬಯಿಗರ ಎದೆಗೆ ನೇರವಾಗಿ ತಾಗಿದ್ದು ತಿಂಗಳಿಗೆ 40 ರೂಪಾಯಿ ಸಂಬಳದ ಗುಮಾಸ್ತನ ಕಥೆ. ಡಾ. ವಿಷ್ಣುವರ್ಧನ್ ಇದರಲ್ಲಿ ವೆಂಕಟರಾವ್. ಕನ್ನಡದಲ್ಲಿ ಕಟೌಟು ನಿಲ್ಲಿಸಿಕೊಳ್ಳುತ್ತಿದ್ದ ನಾಯಕ ಇಲ್ಲಿ ಫೈಲುಗಳ ನಡುವೆ ಕುಗ್ಗಿ ಕುಳಿತ ನೌಕರ. ಮಗಳನ್ನು ಸಂಜೆ ಸಿನಿಮಾಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದಾನೆ. ಮಗು ಶಾಲೆಯಿಂದ ಓಡಿಬಂದು, ಒಳ್ಳೆಯ ಉಡುಪು ತೊಟ್ಟು ಕಾಯುತ್ತದೆ. ಅಪ್ಪ ಬರುವುದಿಲ್ಲ. ತಾನೇ ಹುಡುಕಿಕೊಂಡು ಬೀದಿಗಿಳಿದು ದಾರಿ ತಪ್ಪುತ್ತದೆ, ಯಾರೋ ಮನೆಗೆ ಮುಟ್ಟಿಸುತ್ತಾರೆ. ಅತ್ತ ಕಚೇರಿಯಲ್ಲಿ ಸಾಹೇಬರು ಬಿಡುವುದಿಲ್ಲ. ವೆಂಕಟರಾವ್ ಸಿಟ್ಟಿನಲ್ಲಿ ರಾಜೀನಾಮೆ ಬರೆದೇ ಬಿಡುತ್ತಾನೆ. ಆದರೆ 5 ರೂಪಾಯಿ ಇನ್‌ಕ್ರಿಮೆಂಟ್ ಸಿಗಲಿದೆ ಎಂದು ತಿಳಿದ ಕ್ಷಣ ಅದೇ ಕಾಗದ ಹರಿದುಹೋಗುತ್ತದೆ. ರಾತ್ರಿ ಮನೆಗೆ ಬಂದರೆ ಮಗು ಉಡುಪನ್ನೂ ಬದಲಿಸದೆ ನಿದ್ದೆ ಹೋಗಿದೆ.

ನೋಡಲು ಇದು ಹಾಸ್ಯದ ಕಥೆ. 5 ರೂಪಾಯಿಗೆ ಮಣಿದ ಶೌರ್ಯವನ್ನು ಕಂಡು ನಗು ಬರುತ್ತದೆ. ಆದರೆ ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ಹೊರಟು, ಫೋರ್ಟ್ ಕಡೆಯ ಕಚೇರಿಗಳಲ್ಲಿ ಲೆಕ್ಕ ತಾಳೆಯಾಗುವವರೆಗೆ ಕುಳಿತು, ಮಕ್ಕಳು ಮಲಗಿದ ಮೇಲೆ ಮನೆ ಸೇರುತ್ತಿದ್ದ ಸಾವಿರಾರು ಗುಮಾಸ್ತರಿಗೆ ಆ ನಗು ಗಂಟಲಲ್ಲೇ ನಿಲ್ಲುತ್ತಿತ್ತು. ಸಂಬಳ 40ರ ಬದಲು ನಾಲ್ಕಂಕಿಯದಾಗಿತ್ತು, ಅಷ್ಟೇ ವ್ಯತ್ಯಾಸ. ಶಂಕರ್ ಇಲ್ಲಿ ಯಾರನ್ನೂ ದೂಷಿಸುವುದಿಲ್ಲ, ಸಾಹೇಬನನ್ನೂ ರಾಕ್ಷಸನನ್ನಾಗಿ ಮಾಡುವುದಿಲ್ಲ. ಸಣ್ಣ ಮನುಷ್ಯನ ಸಣ್ಣ ಸೋಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಡುತ್ತಾರೆ. 'ಮಾಲ್ಗುಡಿ'ಯ ಆಕರ್ಷಣೆಗೆ ಊರಿನ ಚೆಲುವು ಕಾರಣವೆಂದು ಹೇಳುವವರಿದ್ದಾರೆ. ಚೆಲುವಾದ ಊರುಗಳನ್ನು ತೋರಿಸಿದ ಧಾರಾವಾಹಿಗಳು ಆಮೇಲೆ ಎಷ್ಟೋ ಬಂದು ಹೋದವು. ಮಾಲ್ಗುಡಿಯಲ್ಲಿ ಯಾರಿಗೂ ಗೆಲ್ಲಲೇಬೇಕಾದ ಹಟವಿಲ್ಲ; ಸೋತವನಿಗೂ ಮಾರನೆಯ ದಿನ ಅದೇ ಬೀದಿಯಲ್ಲಿ ನಮಸ್ಕಾರ ಸಿಗುತ್ತದೆ. ಗೆಲ್ಲಲು ಬಂದವರಿಂದಲೇ ತುಂಬಿದ ಮುಂಬಯಿಯಲ್ಲಿ ಇದರ ಬೆಲೆ ಗೊತ್ತಾಗದೆ ಇರದು.

ಮಾಟುಂಗಕ್ಕಂತೂ ಈ ಊರು ಇನ್ನೂ ಹತ್ತಿರದ್ದು. ಒಂದೇ ಕಟ್ಟಡದಲ್ಲಿ ತಮಿಳರು, ಕನ್ನಡಿಗರು, ಮಲಯಾಳಿಗಳು, ಗುಜರಾತಿಗಳು ಗೋಡೆಗೆ ಗೋಡೆ ಹಚ್ಚಿ ಬದುಕಿದ ಬಡಾವಣೆಯಿದು. ಇದ್ದದ್ದು ಒಂದೇ ದೂರದರ್ಶನ, ಎಲ್ಲ ಮನೆಗಳಿಂದಲೂ ಒಂದೇ ಧ್ವನಿ. ಮಾಲ್ಗುಡಿ ತಮ್ಮದು ಎಂದು ತಮಿಳರು ಹೇಳಿದರೆ ತಪ್ಪಿಲ್ಲ. ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ, ಮನೆಮಾತು ತಮಿಳು. ಕನ್ನಡಿಗರ ಹಕ್ಕೂ ಗಟ್ಟಿಯೇ: ಲೇಖಕರು ಬಾಳಿದ್ದು ಮೈಸೂರಿನಲ್ಲಿ, ಚಿತ್ರೀಕರಣ ಆಗುಂಬೆಯಲ್ಲಿ, ಪಾತ್ರಧಾರಿಗಳು ಬಹುಪಾಲು ಕನ್ನಡ ರಂಗಭೂಮಿಯವರು. ಗೆರೆಚಿತ್ರ ಬರೆದ ಲಕ್ಷ್ಮಣ್ ಮೈಸೂರಿನಿಂದ ಬಂದು ಮುಂಬಯಿಯ ಪತ್ರಿಕೆಯಲ್ಲಿ ದೇಶಕ್ಕೇ ಹೆಸರಾದವರು. ಮಾಡಿದಾತ ಹೊನ್ನಾವರದ ಕೊಂಕಣಿಗ. ಮಾತಾಡಿದ್ದು ಹಿಂದಿ!

ಈ ಹಿಂದಿಯ ವಿಷಯದಲ್ಲಿ ಒಂದು ಕೊರಗು ಕನ್ನಡಿಗರಲ್ಲಿ ಇದ್ದೇ ಇದೆ. ಮಲೆನಾಡಿನ ಜಗಲಿಯ ಮೇಲೆ ಕುಳಿತು ಕಾರ್ನಾಡರು, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್ ಮೊದಲಾದವರು ಕನ್ನಡವನ್ನೇ ಆಡದೆ ಹೋದರಲ್ಲ ಎಂಬುದು. ಈ ಕೊರಗು ನ್ಯಾಯವಾದದ್ದು. ಕನ್ನಡಕ್ಕೆ ಡಬ್ ಆಗಿ ಇದು ಖಾಸಗಿ ವಾಹಿನಿಯೊಂದರಲ್ಲಿ ಬಂದದ್ದು 2020ರಲ್ಲಿ. ಅಷ್ಟರಲ್ಲಿ ಮೊದಲು ನೋಡಿದ್ದ ಮಕ್ಕಳಿಗೇ ತಲೆ ನರೆತಿತ್ತು. ಆದರೆ ಇನ್ನೊಂದು ಮಗ್ಗುಲೂ ಇದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ ಮಕ್ಕಳಿಗೆ ಅಜ್ಜಿಮನೆಯ ಜಗಲಿ, ಬಾವಿಕಟ್ಟೆ, ಸೋನೆ ಮಳೆ ಎಂದರೇನು ಎಂದು ತೋರಿಸಿದ್ದು ಇದೇ ಹಿಂದಿ ಧಾರಾವಾಹಿ. ರಜೆಗೆ ಊರಿಗೆ ಹೋದಾಗ ಆ ಮಕ್ಕಳು ಊರನ್ನು ಮಾಲ್ಗುಡಿಯ ಹಾಗಿದೆ ಎನ್ನುತ್ತಿದ್ದರು. ಹೆತ್ತವರಿಗೆ ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯುತ್ತಿರಲಿಲ್ಲ.

ಕಲಾವಿದರ ಆಯ್ಕೆಯಲ್ಲಿ ಶಂಕರ್ ತಮ್ಮ ನೆಲವನ್ನು ಬಿಟ್ಟುಕೊಡಲಿಲ್ಲ ಎಂಬುದನ್ನೂ ಹೇಳಬೇಕು. ರಾಷ್ಟ್ರೀಯ ಪ್ರಸಾರಕ್ಕಾಗಿ ಮುಂಬಯಿಯ ಹಿಂದಿ ನಟರನ್ನು ತುಂಬಿಸಬಹುದಿತ್ತು. ಈ ನಗರದಲ್ಲಿ ಅವರಿಗೆ ಬೇಕಾದಷ್ಟು ಪರಿಚಯವಿತ್ತು. ಅವರು ಬೆಂಗಳೂರಿನ ಹವ್ಯಾಸಿ ನಟರನ್ನು ನಂಬಿದರು. ಅವರ ಹಿಂದಿಯಲ್ಲಿ ಕನ್ನಡದ ನಡಿಗೆ ಕೇಳಿಸುತ್ತದೆ, ಅದೇ ಅದರ ಸೊಗಸು.

ಇದಾದ ಬಳಿಕವೂ ಅವರು ವಿರಮಿಸಲಿಲ್ಲ. ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದರು. 1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಪತ್ನಿ, ಮಗಳೊಂದಿಗೆ ತೆರಳುತ್ತಿದ್ದಾಗ ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಯಿತು. ಪತ್ನಿ, ಮಗಳು ಬದುಕುಳಿದರು. ಶಂಕರ್ ಅವರಿಗಾಗ 35 ವರ್ಷ, ಇನ್ನೂ 36 ತುಂಬಿರಲಿಲ್ಲ. ಆನಗೋಡು ಇರುವುದು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ಮುಂಬಯಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ನಿದ್ದೆಯಲ್ಲೇ ದಾಟಿಹೋಗುವ ಊರು ಅದು.

ಗಂಭೀರ ಗಾಯಗಳಿಂದ ಚೇತರಿಸಿಕೊಂಡ ಅರುಂಧತಿ ನಾಗ್ ವರ್ಷಗಟ್ಟಲೆ ಹೋರಾಡಿ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗ ಶಂಕರ'ವನ್ನು ಕಟ್ಟಿ ನಿಲ್ಲಿಸಿದರು. ಅಲ್ಲಿ ನಾಟಕ ಹೇಳಿದ ಹೊತ್ತಿಗೆ ಆರಂಭ, ತಡವಾಗಿ ಬಂದವರಿಗೆ ಎಷ್ಟೇ ದೊಡ್ಡವರಾದರೂ ಪ್ರವೇಶವಿಲ್ಲ. ಮುಂಬಯಿಯ ಶಿಸ್ತು ಬಲ್ಲವರಿಗೆ ಅದರ ಮೂಲ ವಿವರಿಸಬೇಕಿಲ್ಲ.

'ಮಾಲ್ಗುಡಿ'ಗೆ 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಕಂತು ಸೇರಿದವು. ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ಸಿಂಗರಿಸಿದವರೂ ಅಂದು ಆಗುಂಬೆಯಲ್ಲಿ ಮಾಲ್ಗುಡಿ ಕಟ್ಟಿದ್ದ ಅದೇ ಜಾನ್ ದೇವರಾಜ್. ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೋಗುವ ರೈಲಿನ ದಾರಿಯಲ್ಲಿ, ಕಾಡಿನ ನಡುವೆ, ಅರಸಾಳು ಸಿಗುತ್ತದೆ.