ಗಣಿತಸಾರಸಂಗ್ರಹದ ಕರ್ತೃ ಶ್ರೀ ಮಹಾವೀರಾಚಾರ್ಯರು

ಬಸದಿಯ ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವುದು ಶ್ರಾವಕರಾದ ನಮ್ಮೆಲ್ಲರ ಕರ್ತವ್ಯವಾಗಿದೆ. ಪಂಪ, ಪೊನ್ನ, ರನ್ನರ ಹೆಸರನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಗಣಿತಶಾಸ್ತ್ರದಲ್ಲಿ ಅಷ್ಟೇ ಉನ್ನತ ಸ್ಥಾನವನ್ನು ಪಡೆದ ಮಹಾವೀರಾಚಾರ್ಯರ ಹೆಸರು ಮಾತ್ರ ಅಪರೂಪವಾಗಿ ಕೇಳಿಬರುತ್ತದೆ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ನಮ್ಮ ಮಕ್ಕಳು ಪಿ.ಯು.ಸಿ. ಮೊದಲ ವರ್ಷದಲ್ಲಿ 'ಕ್ರಮಯೋಜನೆ ಮತ್ತು ವಿಕಲ್ಪ' ಎಂಬ ಪಾಠಕ್ಕೆ ಅಂಜುವುದುಂಟು. ಆ ಪಾಠದ ಮುಖ್ಯ ಸೂತ್ರವನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೋಧಿಸಿದವರು ಇದೇ ಆಚಾರ್ಯರೆಂಬುದನ್ನು ಆ ಮಕ್ಕಳಿಗೆ ಹೇಳುವವರು ಯಾರು?

ಮಹಾವೀರಾಚಾರ್ಯರು ಬಾಳಿದ್ದು ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ. ಆಗ ಈ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ (೮೧೪–೮೭೮). ಅವನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ 'ಕವಿರಾಜಮಾರ್ಗ' ಹುಟ್ಟಿದ್ದೂ, ಜಿನಸೇನಾಚಾರ್ಯರು ರಾಜಗುರುಗಳಾಗಿ ಪೂಜಿತರಾದದ್ದೂ ಅವನ ಕಾಲದಲ್ಲಿಯೇ. ದಿಗಂಬರ ಪರಂಪರೆಯ ಮಹಾವೀರಾಚಾರ್ಯರು ಸುಮಾರು ೮೫೦ರಲ್ಲಿ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಭಗವಾನ್ ಮಹಾವೀರಸ್ವಾಮಿಗೆ ವಂದಿಸಿ, ತಮ್ಮ ಅರಸನನ್ನು ಕೊಂಡಾಡಿ, ಹಿಂದಿನವರ ಜ್ಞಾನಸಾಗರದಿಂದ ಸಾರವನ್ನು ಸಂಗ್ರಹಿಸಿದ್ದಾಗಿ ವಿನಯದಿಂದ ನುಡಿದು ಅವರು ಗ್ರಂಥವನ್ನು ಆರಂಭಿಸುತ್ತಾರೆ.

ಅದುವರೆಗಿನ ಅನೇಕ ಗ್ರಂಥಗಳಲ್ಲಿ ಗಣಿತವು ಜ್ಯೋತಿಷದ ಒಂದು ಭಾಗವಾಗಿ ಬಂದಿತ್ತು. ಆಚಾರ್ಯರು ಒಂಬತ್ತು ಅಧ್ಯಾಯಗಳ, ಸಾವಿರದ ನೂರಕ್ಕೂ ಮಿಕ್ಕ ಶ್ಲೋಕಗಳ ಇಡೀ ಕೃತಿಯನ್ನು ಗಣಿತಕ್ಕೇ ಮೀಸಲಿಟ್ಟರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟಪಡಿಸಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂಬ ಅವರ ಮಾತು ಮಾತ್ರ ಮುಂದೆ ನಿಲ್ಲಲಿಲ್ಲ. ಆದರೆ ಅದರಿಂದ ಅವರ ಹಿರಿಮೆ ಕುಂದುವುದಿಲ್ಲ.

ವ್ಯಾಪಾರ ವೃತ್ತಿಯ ನಮಗೆ ಆರನೆಯದಾದ 'ಮಿಶ್ರಕ ವ್ಯವಹಾರ'ವೆಂಬ ಅಧ್ಯಾಯವು ಬಹಳ ಹತ್ತಿರದ್ದು. ಬಡ್ಡಿ, ಪಾಲುದಾರರ ಲಾಭಹಂಚಿಕೆ, ಚಿನ್ನದ ಬೆರಕೆ ಮುಂತಾದ ಅಂಗಡಿಯ ಲೆಕ್ಕಗಳೆಲ್ಲ ಅದರಲ್ಲಿವೆ. ಅವುಗಳ ನಡುವೆಯೇ ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ವಿಧವಾಗಿ ಆರಿಸಬಹುದೆಂಬ ನಿಯಮವೂ ಇದೆ. ಇಂಥ ನಿಯಮವನ್ನು ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವಂತೆ ಹೇಳಿದವರಲ್ಲಿ ಅವರು ಮೊದಲಿಗರ ಸಾಲಿನವರು. ಯೂರೋಪಿನಲ್ಲಿ ಫ್ರಾನ್ಸಿನ ಎರಿಗೋನ್ ಇದನ್ನು ಪ್ರಕಟಿಸಿದ್ದು ೧೬೩೪ರಲ್ಲಿ.

ಅವರು ಕೊಟ್ಟ ಉದಾಹರಣೆಗಳು ಷಡ್ರಸಗಳು, ರತ್ನಗಳು ಮತ್ತು ಹೂಮಾಲೆಗಳು. ಆರು ರಸಗಳಲ್ಲಿ ಮೂರನ್ನು ಬೆರೆಸಬೇಕೆಂದು ಇಟ್ಟುಕೊಳ್ಳೋಣ. ಮೇಲಿನ ಸಾಲಿನಲ್ಲಿ ಇಳಿಯುವ ಕ್ರಮದಿಂದ ೬, ೫, ೪ ಎಂದೂ, ಕೆಳಗೆ ಏರುವ ಕ್ರಮದಿಂದ ೧, ೨, ೩ ಎಂದೂ ಬರೆಯಬೇಕು. ಮೇಲಿನ ಗುಣಲಬ್ಧ ೧೨೦, ಕೆಳಗಿನದು ೬. ಭಾಗಿಸಿದರೆ ಬರುವುದು ೨೦. ಹೀಗೆಯೇ ಒಂದೊಂದಾಗಿ ೬, ಎರಡೆರಡಾಗಿ ೧೫, ನಾಲ್ಕರಂತೆ ೧೫, ಐದರಂತೆ ೬, ಆರೂ ಕೂಡಿ ೧. ಒಟ್ಟು ರುಚಿಭೇದಗಳು ೬೩.

ಕೆಳಗಿನ ಸಾಲಿನಿಂದ ಭಾಗಿಸುವುದೇಕೆ? ಮಕ್ಕಳು ಎಡವುವುದು ಇಲ್ಲಿಯೇ. ಮೊದಲು ಯಾವುದು, ಆಮೇಲೆ ಯಾವುದು ಎಂದು ಕ್ರಮವನ್ನೂ ಲೆಕ್ಕಿಸಿದರೆ ೧೨೦ ಬಗೆಗಳಾಗುತ್ತವೆ, ಇದು ಕ್ರಮಯೋಜನೆ. ಆದರೆ ಬೆಲ್ಲ, ಹುಣಸೆ, ಉಪ್ಪು ಈ ಮೂರನ್ನೇ ೬ ಬಗೆಯಲ್ಲಿ ಹಿಂದುಮುಂದಾಗಿ ಇಡಬಹುದು. ಯಾವುದನ್ನು ಮೊದಲು ಹಾಕಿದರೂ ಕಲಸಿದ ಮೇಲೆ ರುಚಿ ಒಂದೇ. ಆದ್ದರಿಂದ ೬ರಿಂದ ಭಾಗಿಸಬೇಕು, ಇದು ವಿಕಲ್ಪ. ಈ ಕಾರಣವನ್ನು ತಿಳಿದವನು ಸೂತ್ರವನ್ನು ಮರೆತರೂ ಲೆಕ್ಕವನ್ನು ಬಿಡಿಸಬಲ್ಲನು. ಕೇವಲ ಸೂತ್ರವನ್ನು ಉರುಹೊಡೆದವನಿಗೆ ಪ್ರಶ್ನೆಯ ಮಾತು ತುಸು ಬದಲಾದರೂ ದಿಕ್ಕು ತೋಚದು.

'ವಿಕಲ್ಪ'ವೆಂಬ ಮಾತೂ ನಮಗೆ ಹೊಸದಲ್ಲ. ಸ್ಥಾನಾಂಗ ಸೂತ್ರದಲ್ಲಿ ಹೆಸರಿಸಿರುವ ಗಣಿತದ ಹತ್ತು ವಿಷಯಗಳಲ್ಲಿ ಅದೂ ಒಂದು. ಆಚಾರ್ಯರ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಪ್ರಕಟಿಸಿದರು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು. ಹೀಗಿರುವಾಗ ಓದಲು ಗ್ರಂಥವಿಲ್ಲವೆಂದು ಹೇಳುವಂತಿಲ್ಲ.

ಹಂಪೆಗೆ ಬಂದ ಬಂಧುಗಳಿಗೆ ನಾವು ಕಂಪ್ಲಿಯ ದಾರಿಯಲ್ಲಿರುವ ಗಾಣಗಿತ್ತಿ ಬಸದಿಯನ್ನು ತೋರಿಸುತ್ತೇವೆ. ೧೩೮೫ರಲ್ಲಿ ಇರುಗಪ್ಪ ದಂಡನಾಯಕನು ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದ ಆ ಜಿನಾಲಯವನ್ನು ಕಂಡು ಹೆಮ್ಮೆಪಡುತ್ತೇವೆ. ಕಲ್ಲಿನ ಆಸ್ತಿಯನ್ನು ಕಾಪಾಡಿಕೊಂಡರೆ ಸಾಲದು. ವಿದ್ಯೆಯ ಆಸ್ತಿಯನ್ನೂ ಮುಂದಿನವರಿಗೆ ಒಪ್ಪಿಸಬೇಕು. ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಬಸದಿಯ ಪಾಠಶಾಲೆಯಲ್ಲಿ ಹಿರಿಯ ತರಗತಿಯ ಮಕ್ಕಳನ್ನು ಕೂಡಿಸಿ, ಬೆಲ್ಲ, ಹುಣಸೆ, ಉಪ್ಪು, ಮೆಣಸು, ಮೆಂತ್ಯ, ಅಡಿಕೆಗಳನ್ನು ತಟ್ಟೆಯಲ್ಲಿಟ್ಟು, ಮೂರು ಮೂರರ ಜೋಡಣೆಗಳನ್ನು ಅವರ ಕೈಯಿಂದಲೇ ಬರೆಯಿಸಿದರೆ ಸಾಕು. ಇಪ್ಪತ್ತನ್ನೂ ತಾವೇ ಎಣಿಸಿದ ಮೇಲೆ ಸೂತ್ರವನ್ನು ಹೇಳಬೇಕು. ಆಗ ಆ ಪಾಠದ ಅಂಜಿಕೆ ತಾನಾಗಿ ಕಳೆಯುವುದು, ಆಚಾರ್ಯರ ಋಣವೂ ಎಳ್ಳಷ್ಟಾದರೂ ತೀರುವುದು.