ಗಾಮ್‌ದೇವಿಯಲ್ಲಿ ಗುಮಾಸ್ತರಿಗೂ ಮನೆ ಮಾಡಿಕೊಟ್ಟ ತಲ್ಮಕಿ

ಮುಂಬೈನ ಗಾಮ್‌ದೇವಿ ಚಿಕ್ಕ ಬಡಾವಣೆ. ಸ್ವಲ್ಪ ನಡೆದರೆ ಚೌಪಾಟಿ ಬೀಚ್. ಗಾಂಧೀಜಿ ಉಳಿಯುತ್ತಿದ್ದ ಮಣಿಭವನ ಇರೋದೂ ಇಲ್ಲೇ. ಈಗ ಇಲ್ಲಿ ಫ್ಲ್ಯಾಟ್ ಅಂದ್ರೆ ಕೋಟಿ ಲೆಕ್ಕ. ಆದರೆ ನೂರು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಸಂಬಳದ ಮೇಲೆ ಬದುಕುವ ನೌಕರರಿಗೂ ಮನೆ ಸಿಕ್ಕಿತ್ತು. ಅದರ ಹಿಂದಿದ್ದವರು ರಾವ್‌ಬಹದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ.

ತಲ್ಮಕಿ ಅವರದ್ದು ಚಿತ್ರಾಪುರ ಸಾರಸ್ವತ ಸಮಾಜ. ಭಟ್ಕಳ ತಾಲೂಕಿನ ಶಿರಾಲಿಯಲ್ಲಿರುವ ಚಿತ್ರಾಪುರ ಮಠವೇ ಈ ಸಮಾಜದ ಗುರುಪೀಠ. ಆಗ ಕೆನರಾ ಕರಾವಳಿಗೆ ರೈಲು ಇರಲಿಲ್ಲ. ಓದಿದ ಹುಡುಗರು ಹಡಗು ಹತ್ತಿ ಮುಂಬೈಗೆ ಹೋಗಿ ಗುಮಾಸ್ತಿಕೆ ಹಿಡಿಯುತ್ತಿದ್ದರು. ಕೆಲಸವೇನೋ ಸಿಗುತ್ತಿತ್ತು, ಮನೆಯದ್ದೇ ಕಷ್ಟ. ಒಂದೊಂದು ಖೋಲಿಯಲ್ಲಿ ಇಡೀ ಸಂಸಾರ. ಮೇಲಿಂದ 1896ರಲ್ಲಿ ಪ್ಲೇಗ್ ಬಂತು. ಗಾಳಿ ಬೆಳಕು ಇಲ್ಲದ ಚಾಳುಗಳು ಎಷ್ಟು ಅಪಾಯ ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು.

ತಲ್ಮಕಿ ಮೊದಲು ಕೈ ಹಾಕಿದ್ದು ಸಾಲದ ಸಮಸ್ಯೆಗೆ. 1906ರಲ್ಲಿ ತಮ್ಮ ಗುರು ಶಾಮರಾವ್ ವಿಠ್ಠಲ್ ಕಾಯ್ಕಿಣಿ ಅವರ ಹೆಸರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಇವತ್ತಿನ ಎಸ್‌ವಿಸಿ ಬ್ಯಾಂಕ್ ಅದೇ. ಆಮೇಲೆ ಮನೆಯ ಪ್ರಶ್ನೆ. 1904ರ ಕಾಯ್ದೆ ಸಾಲ ಕೊಡುವ ಸಂಘಗಳಿಗಷ್ಟೇ ಇತ್ತು. 1912ರ ಹೊಸ ಕಾಯ್ದೆ ಬಂದ ಮೇಲೆ ವಸತಿ ಸಂಘಕ್ಕೂ ದಾರಿಯಾಯ್ತು. 1915ರಲ್ಲಿ ಗಾಮ್‌ದೇವಿಯ ಸಾರಸ್ವತ ಸಹಕಾರಿ ವಸತಿ ಸಂಘ ಶುರುವಾಯ್ತು. ದೇಶದ ಅತಿ ಹಳೆಯ ವಸತಿ ಸಂಘಗಳಲ್ಲಿ ಇದೂ ಒಂದು.

ಲೆಕ್ಕ ಸರಳ. ಒಬ್ಬನಿಂದ ಕಟ್ಟಡ ಕಟ್ಟಲು ಆಗಲ್ಲ. ಹತ್ತಾರು ಮಂದಿ ಷೇರು ಹಾಕಿದರೆ ಆಗುತ್ತೆ. ಕಟ್ಟಡ ಸಂಘದ್ದು, ಸದಸ್ಯರು ಬಾಡಿಗೆ ಕೊಡೋದೂ ಸಂಘಕ್ಕೇ. ಅಂದರೆ ಬಾಡಿಗೆದಾರನೇ ಮಾಲೀಕರಲ್ಲಿ ಒಬ್ಬ. ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸಿ, ಕೊಡದಿದ್ರೆ ಖಾಲಿ ಮಾಡು ಅನ್ನೋ ಯಜಮಾನ ಅಲ್ಲಿ ಇರಲಿಲ್ಲ.

ಒಂದು ಮಿತಿ ಮಾತ್ರ ಇತ್ತು. ಸಂಘ ಕಟ್ಟಿದ್ದು ತಮ್ಮ ಸಮಾಜದವರಿಗಾಗಿ. ಅದೇ ಚಾಳುಗಳಲ್ಲಿ ಕಷ್ಟಪಡುತ್ತಿದ್ದ ಬೇರೆಯವರಿಗೆ ಆ ಬಾಗಿಲು ತೆರೆಯಲಿಲ್ಲ. ಆದರೆ ಕಟ್ಟಿದ ರೀತಿಗೆ ಜಾತಿ ಬೇಕಿರಲಿಲ್ಲ. ಷೇರು ಹಾಕಿ ಒಟ್ಟಿಗೆ ಮನೆ ಕಟ್ಟುವ ಪದ್ಧತಿಯನ್ನು ಮುಂದೆ ಮುಂಬೈನಲ್ಲಿ ಎಲ್ಲ ಸಮಾಜದವರೂ ಹಿಡಿದರು. ಸಹಕಾರಿ ವಸತಿ ಚಳವಳಿಯ ಪಿತಾಮಹ ಅಂತ ತಲ್ಮಕಿ ಅವರನ್ನು ಕರೆಯೋದು ಇದಕ್ಕೇ.

ಗಾಮ್‌ದೇವಿಗೆ ಹತ್ತಿರದ ತಾಡದೇವ್‌ನಲ್ಲಿ ಆಮೇಲೆ ಎದ್ದ ವಸತಿ ಸಮುಚ್ಚಯಕ್ಕೆ ಅವರದ್ದೇ ಹೆಸರು ಇಟ್ಟರು. ತಲ್ಮಕಿವಾಡಿ ಅಂದ್ರೆ ಅಲ್ಲಿ ಇವತ್ತಿಗೂ ಗೊತ್ತು.