ಜೋಕಿಂ ಆಳ್ವ: ಶಿರೂರು ಗಡಿಯಾಚೆ ಗೆದ್ದ ಬೆಳ್ಳೆಯ ಮನುಷ್ಯ

ಬೈಂದೂರು ದಾಟಿ ಶಿರೂರು ಮುಗಿದರೆ ಭಟ್ಕಳ ತಾಲೂಕು. ಈಗ ಅದು ಬರೀ ಜಿಲ್ಲೆಯ ಗಡಿ, ಬಸ್ಸಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. 1952ರಲ್ಲಿ ಹಾಗಿರಲಿಲ್ಲ. ಆಗ ಶಿರೂರಿನವರು ಮದ್ರಾಸ್ ರಾಜ್ಯದವರು, ಭಟ್ಕಳದವರು ಬಾಂಬೆ ರಾಜ್ಯದವರು. ಎರಡೂ ಕಡೆ ಅದೇ ಕಡಲು, ಅದೇ ಮೀನು, ಎರಡೂ ಕಡೆ ನೆಂಟರು. ಆದರೆ ರಾಜಧಾನಿ ಒಬ್ಬರಿಗೆ ಮದ್ರಾಸು, ಇನ್ನೊಬ್ಬರಿಗೆ ಮುಂಬೈ. ಈ ಗೆರೆ ಎಳೆದದ್ದು ಬ್ರಿಟಿಷರು. ಮೊದಲು ಇಡೀ ಕರಾವಳಿ ಕೆನರಾ ಎಂಬ ಒಂದೇ ಜಿಲ್ಲೆಯಾಗಿತ್ತು. 1859ರಲ್ಲಿ ಅದನ್ನು ಎರಡು ಮಾಡಿದಾಗ ಕುಂದಾಪುರ ತಾಲೂಕನ್ನು ಮೊದಲು ಉತ್ತರ ಕೆನರಾಕ್ಕೆ ಸೇರಿಸಿದರು, ಆಮೇಲೆ ಎತ್ತಿ ದಕ್ಷಿಣಕ್ಕೆ ಹಾಕಿದರು. ಉತ್ತರ ಕೆನರಾ ಬಾಂಬೆ ಪ್ರಾಂತ್ಯದ ಪಾಲಾಯಿತು. ಅಂದರೆ ನಾವು ಕುಂದಾಪುರದವರು ಯಾವ ಕಡೆಯವರು ಎನ್ನುವುದು ಫೈಲಿನ ಮೇಲೆ ತೀರ್ಮಾನವಾದ ಸಂಗತಿ.

ದೇಶದ ಮೊದಲ ಮಹಾಚುನಾವಣೆಯಲ್ಲಿ ಆ ಗೆರೆಯ ಆಚೆಗಿನ ಕೆನರಾ ಕ್ಷೇತ್ರ ಲೋಕಸಭೆಗೆ ಕಳಿಸಿದ್ದು ಗೆರೆಯ ಈಚೆಗಿನ ಒಬ್ಬನನ್ನು. ಉಡುಪಿ ಹತ್ತಿರದ ಬೆಳ್ಳೆಯಲ್ಲಿ ಹುಟ್ಟಿದ, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಜೋಕಿಂ ಆಳ್ವ. ಅವರ ಹುಟ್ಟೂರಿನವರೇ ಅವರಿಗೆ ವೋಟು ಹಾಕುವ ಹಾಗಿರಲಿಲ್ಲ. ಹಾಕಿದವರು ಹಾಲಕ್ಕಿಗಳು, ನಾಮಧಾರಿಗಳು, ಹವ್ಯಕರು, ಖಾರ್ವಿಗಳು, ಭಟ್ಕಳದ ನವಾಯತರು, ಘಟ್ಟದ ಮೇಲಿನ ಸಿದ್ದಿಗಳು ಇರುವ ಒಂದು ಕ್ಷೇತ್ರದ ಜನ. ಅಲ್ಲಿ ಕ್ರೈಸ್ತರದ್ದು ತೀರಾ ಸಣ್ಣ ಪಾಲು. ಹಾಗಿದ್ದೂ ಆಳ್ವ 1952, 1957, 1962 ಹೀಗೆ ಸಾಲಾಗಿ ಮೂರು ಸಲ ಗೆದ್ದರು.

ಇವತ್ತು ಟಿಕೆಟ್ ಹಂಚುವಾಗ ಪಕ್ಷದ ಆಫೀಸಿನಲ್ಲಿ ಮೊದಲು ತೆರೆಯುವುದು ಜಾತಿವಾರು ವೋಟಿನ ಎಕ್ಸೆಲ್ ಶೀಟು. ಆ ಶೀಟು ನೋಡಿ ಬೆಳೆದ ನಮಗೆ ಈ ಗೆಲುವು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಅದು ನೆಹರೂ ಅಲೆಯ ಕಾಲ, ಕಾಂಗ್ರೆಸ್ಸಿನಿಂದ ಯಾರು ನಿಂತರೂ ಗೆಲ್ಲುತ್ತಿದ್ದರು ಅಂತ ಹೇಳಿ ಮುಗಿಸಿಬಿಡಬಹುದು. ಅರ್ಧ ಸತ್ಯ ಅದು. ಯಾರು ನಿಂತರೂ ಗೆಲ್ಲುವ ಕಡೆ ಯಾರನ್ನು ನಿಲ್ಲಿಸುತ್ತಾರೆ ಎನ್ನುವುದೇ ಪ್ರಶ್ನೆ ಅಲ್ವಾ?

ಹೆಸರಿನಿಂದಲೇ ಶುರು ಮಾಡೋಣ. ಆಳ್ವ ಅಂದ ಕೂಡಲೇ ಕರಾವಳಿಯವರಿಗೆ ನೆನಪಾಗುವುದು ಬಂಟರು. ಕೆಲವು ಕ್ಯಾಥೊಲಿಕ್ ಕುಟುಂಬಗಳಲ್ಲೂ ಆ ಹೆಸರಿದೆ, ಪ್ರಭು ಎನ್ನುವ ಹೆಸರೂ ಇದೆ. ಹೆಸರು ಕೇಳಿ ಜಾತಿ ಹೇಳುವ ಆಟ ನಮ್ಮ ಬದಿಯಲ್ಲಿ ಯಾವಾಗಲೂ ನಡೆಯುತ್ತದೆ, ಯಾವಾಗಲೂ ತಪ್ಪುತ್ತದೆ.

ಆಳ್ವ ಹುಟ್ಟಿದ್ದು 1907ರ ಜನವರಿ 21ರಂದು. ಆ ಕಾಲದ ಕರಾವಳಿ ಹುಡುಗರ ಹಾಗೆ ಅವರಿಗೂ ದಾರಿ ಸಾಗಿದ್ದು ಮುಂಬೈಗೆ. ಹೋಟೆಲು ಕೆಲಸಕ್ಕೆ ಹೋದವರು ಬೇರೆ, ಇವರು ಹೋದದ್ದು ಓದಿಗೆ. ಕಾನೂನು ಓದಿದರು, ವಿದ್ಯಾರ್ಥಿ ಚಳವಳಿಗೆ ಬಿದ್ದರು, ಅಲ್ಲಿಂದ ಸ್ವಾತಂತ್ರ್ಯ ಹೋರಾಟಕ್ಕೆ. ಮುಂಬೈನ ಕ್ರೈಸ್ತ ಸಮುದಾಯದಲ್ಲಿ ಆಗ ಒಂದು ಅಂಜಿಕೆ ಗಟ್ಟಿಯಾಗಿತ್ತು. ಬ್ರಿಟಿಷರು ಹೋದರೆ ನಮ್ಮ ಗತಿಯೇನು, ಬಹುಸಂಖ್ಯಾತರ ದೇಶದಲ್ಲಿ ನಮಗೆ ಜಾಗ ಇರುತ್ತದಾ ಎಂಬ ಅಂಜಿಕೆ. ಸರ್ಕಾರದ ಜೊತೆ ಇದ್ದರೆ ಕ್ಷೇಮ ಎಂದುಕೊಂಡವರು ಬಹಳ ಜನ. ಇಪ್ಪತ್ತಮೂರು ವರ್ಷದ ಆಳ್ವ 1930ರಲ್ಲಿ ಅದಕ್ಕೆ ಎದುರಾಗಿ ರಾಷ್ಟ್ರೀಯವಾದಿ ಕ್ರೈಸ್ತರ ಪಕ್ಷವೊಂದನ್ನು ಕಟ್ಟಿದರು. ಕ್ರೈಸ್ತರು ಚಳವಳಿಯ ಒಳಗೆ ಇರಬೇಕು, ಹೊರಗೆ ನಿಂತು ರಕ್ಷಣೆ ಬೇಡಬಾರದು ಎನ್ನುವುದು ಅವರ ವಾದ. ನೆಹರೂ ಅವರನ್ನು ಮುಂಬೈನ ಕ್ರೈಸ್ತರ ಸಭೆಗೆ ಕರೆಸಿ ಮಾತಾಡಿಸಿದ್ದರ ಹಿಂದೆಯೂ ಆಳ್ವ ಇದ್ದರು.

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. 1930ರ ದಶಕ ಅಂದರೆ ಪ್ರತ್ಯೇಕ ಮತಕ್ಷೇತ್ರಗಳ ಕಾಲ. ಮುಸ್ಲಿಮರು ಮುಸ್ಲಿಮರಿಗೆ, ಭಾರತೀಯ ಕ್ರೈಸ್ತರು ಕ್ರೈಸ್ತರಿಗೆ ವೋಟು ಹಾಕುವ ವ್ಯವಸ್ಥೆ ಕಾನೂನಿನಲ್ಲೇ ಇತ್ತು. ಅದೇ ಮುಂದುವರಿದಿದ್ದರೆ ಆಳ್ವರಂಥವರು ಎಂದಿಗೂ ಕ್ರೈಸ್ತರ ಪ್ರತಿನಿಧಿಗಳಾಗಿಯೇ ಉಳಿಯುತ್ತಿದ್ದರು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಧಾರ್ಮಿಕ ಅಲ್ಪಸಂಖ್ಯಾತರ ಸೀಟು ಮೀಸಲಾತಿಯನ್ನೇ ಕೈಬಿಟ್ಟಿತು. ಆ ತೀರ್ಮಾನದ ಹಿಂದೆ ಬಂಗಾಳದ ಕ್ರೈಸ್ತ ನಾಯಕ ಎಚ್. ಸಿ. ಮುಖರ್ಜಿ ಇದ್ದರು, ಮಂಗಳೂರು ಮೂಲದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇದ್ದರು. ದೊಡ್ಡ ಜೂಜು ಅದು. ಬಹುಸಂಖ್ಯಾತ ಮತದಾರ ನಮ್ಮವನನ್ನೂ ಆರಿಸುತ್ತಾನೆ ಎಂಬ ನಂಬಿಕೆಯ ಮೇಲೆ ಕಾನೂನಿನ ರಕ್ಷಣೆಯನ್ನು ಬಿಟ್ಟುಕೊಡುವುದು. ಮೂರೇ ವರ್ಷದಲ್ಲಿ ಕೆನರಾ ಕ್ಷೇತ್ರ ಆ ನಂಬಿಕೆಯನ್ನು ಉಳಿಸಿತು. ಎಲ್ಲ ಕಡೆ, ಎಲ್ಲ ಕಾಲಕ್ಕೂ ಅದು ಉಳಿಯಲಿಲ್ಲ ಎನ್ನುವುದು ಇವತ್ತಿನ ಲೋಕಸಭೆಯ ಪಟ್ಟಿ ನೋಡಿದವರಿಗೆಲ್ಲ ಗೊತ್ತು.

1937ರಲ್ಲಿ ಆಳ್ವ ಮದುವೆಯಾದರು. ಹುಡುಗಿ ವಯೊಲೆಟ್ ಹರಿ, ಹುಟ್ಟಿದ್ದು 1908ರಲ್ಲಿ ಅಹಮದಾಬಾದಿನಲ್ಲಿ. ಗುಜರಾತಿ, ಪ್ರೊಟೆಸ್ಟೆಂಟ್. ತಂದೆ ಲಕ್ಷ್ಮಣ ಹರಿ ಆಂಗ್ಲಿಕನ್ ಚರ್ಚಿನ ಮೊದಮೊದಲ ಭಾರತೀಯ ಪಾದ್ರಿಗಳಲ್ಲಿ ಒಬ್ಬರು. ಹದಿನಾರಕ್ಕೆಲ್ಲ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ವಯೊಲೆಟ್ ಓದಿ ಇಂಗ್ಲಿಷ್ ಪ್ರಾಧ್ಯಾಪಕಿಯಾದರು, ವಕೀಲೆಯಾದರು. ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಮದುವೆ ಆಗಿನ ಕಾಲಕ್ಕೆ ಸಣ್ಣ ವಿಷಯ ಆಗಿರಲಿಲ್ಲ. ಹೊರಗಿನವರಿಗೆ ಇಬ್ಬರೂ ಕ್ರೈಸ್ತರು, ಅಷ್ಟೇ. ಒಳಗಿನವರಿಗೆ ಅದು ಬೇರೆ ಬೇರೆ ಲೋಕ, ಮೇಲಿಂದ ಭಾಷೆಯೂ ಬೇರೆ.

ಕ್ವಿಟ್ ಇಂಡಿಯಾ ಚಳವಳಿಯ ಬಿಸಿಯಲ್ಲಿ, 1943ರಲ್ಲಿ, ಗಂಡ ಹೆಂಡತಿ ಸೇರಿ ಫೋರಂ ಎನ್ನುವ ವಾರಪತ್ರಿಕೆ ಶುರು ಮಾಡಿದರು. ಸರ್ಕಾರದ ಕಣ್ಣು ಬೀಳಲು ತಡವಾಗಲಿಲ್ಲ. ಆಳ್ವ ಜೈಲು ಕಂಡವರು. ವಯೊಲೆಟ್ ಕೂಡ ಐದು ತಿಂಗಳ ಮಗು ಚಿತ್ತರಂಜನನನ್ನು ಎತ್ತಿಕೊಂಡೇ ಆರ್ಥರ್ ರೋಡ್ ಜೈಲಿಗೆ ಹೋದರು. ಮರುವರ್ಷ, 1944ರಲ್ಲಿ, ಹೈಕೋರ್ಟಿನ ಪೂರ್ಣ ಪೀಠದ ಮುಂದೆ ವಾದಿಸಿದ ದೇಶದ ಮೊದಲ ವಕೀಲೆ ಎಂಬ ಹೆಸರು ಅವರದಾಯಿತು. ಅದೇ ಹೊತ್ತಿಗೆ ಹೆಂಗಸರಿಗಾಗಿ ಒಂದು ಪತ್ರಿಕೆಯನ್ನೂ ತಂದರು. ಪಿಕ್ಚರಿನಲ್ಲಿ ತೋರಿಸಿದರೆ ಓವರ್ ಆಯ್ತು ಅನ್ನಬಹುದು, ಆದರೆ ನಡೆದದ್ದು ಹೀಗೆಯೇ.

ಸ್ವಾತಂತ್ರ್ಯ ಬಂತು. 1949ರಲ್ಲಿ ಆಳ್ವ ಮುಂಬೈನ ಶೆರಿಫ್ ಆದರು, 1950ರಲ್ಲಿ ಹಂಗಾಮಿ ಸಂಸತ್ತಿನ ಸದಸ್ಯ. 1952ರಲ್ಲಿ ಅವರು ಲೋಕಸಭೆಗೆ, ವಯೊಲೆಟ್ ರಾಜ್ಯಸಭೆಗೆ. ದೇಶದ ಮೊದಲ ಸಂಸದ ದಂಪತಿ ಎಂದು ಅವರನ್ನು ಕರೆಯುವುದು ಇದಕ್ಕೇ.

ಆಳ್ವ ಪ್ರತಿನಿಧಿಸಿದ ಕ್ಷೇತ್ರಕ್ಕೆ ಆಗ ನೆಟ್ಟಗೆ ಒಂದು ಮನೆಯೂ ಇರಲಿಲ್ಲ. ಉತ್ತರ ತುದಿಯಲ್ಲಿ ಪೋರ್ಚುಗೀಸರ ಗೋವಾ, ಅದು ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಕ್ಷೇತ್ರವೇ ಬಾಂಬೆ ರಾಜ್ಯದಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರಿಗೆ ಬಂತು. ಆಗ ಶಿರೂರು ಗಡಿ ರಾಜ್ಯದ ಗಡಿಯಾಗಿ ಉಳಿಯಲಿಲ್ಲ, ಕುಂದಾಪುರದವರೂ ಕುಮಟಾದವರೂ ಒಂದೇ ರಾಜ್ಯದವರಾದರು. ಅಷ್ಟಕ್ಕೂ ಮುಗಿಯಲಿಲ್ಲ. ಕಾರವಾರದ ಕೊಂಕಣಿಯನ್ನು ಮುಂದಿಟ್ಟುಕೊಂಡು ಮಹಾರಾಷ್ಟ್ರ ಕಾರವಾರ, ಹಳಿಯಾಳ, ಸೂಪಾ ತನ್ನದು ಎಂದಿತು, 1966ರಲ್ಲಿ ಮಹಾಜನ ಆಯೋಗ ಕೂತಿತು. ಕೊಂಕಣಿ ಮಾತಾಡುವವರೆಲ್ಲ ಆಚೆಗೆ ಸೇರಬೇಕು ಎಂಬ ವಾದ ಎದ್ದ ಹೊತ್ತಿನಲ್ಲಿ ಆ ಕ್ಷೇತ್ರದ ಸಂಸದನೇ ಕೊಂಕಣಿ ಮನೆಮಾತಿನ, ತುಳುನಾಡಿನಲ್ಲಿ ಹುಟ್ಟಿದ, ಮುಂಬೈನಲ್ಲಿ ಬೆಳೆದ, ಕನ್ನಡ ಜಿಲ್ಲೆಯಿಂದ ಆರಿಸಿಬಂದ ಮನುಷ್ಯ. ಭಾಷೆಗೆ ಒಂದು ರಾಜ್ಯ ಎಂಬ ಲೆಕ್ಕ ಇಂಥವರ ಮನೆ ಬಾಗಿಲಲ್ಲಿ ತಪ್ಪಿ ಹೋಗುತ್ತದೆ.

ಗಡಿಯ ಈಚೆ ನಮ್ಮ ಕಡೆ ಏನಾಗುತ್ತಿತ್ತು? ಅದೂ ಅಷ್ಟೇ ಸೋಜಿಗದ ಕತೆ. ಬೈಂದೂರು, ಕುಂದಾಪುರ, ಬ್ರಹ್ಮಾವರ ಎಲ್ಲ ಆಗ ಬರುತ್ತಿದ್ದುದು ಉಡುಪಿ ಲೋಕಸಭಾ ಕ್ಷೇತ್ರಕ್ಕೆ (1952ರಲ್ಲಿ ಅದರ ಹೆಸರು ದಕ್ಷಿಣ ಕೆನರಾ ಉತ್ತರ). 1952ರಿಂದ 1996ರವರೆಗೆ ಹನ್ನೊಂದು ಮಹಾಚುನಾವಣೆ. ಗೆದ್ದವರು ಐದೇ ಜನ. ಮೂರು ಸಲ ಉಳ್ಳಾಲ ಶ್ರೀನಿವಾಸ ಮಲ್ಯ, 1967ರಲ್ಲಿ ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭು, 1971ರಲ್ಲಿ ಪಿ. ರಂಗನಾಥ ಶೆಣೈ, 1977ರಲ್ಲಿ ಟಿ. ಎ. ಪೈ, ಆಮೇಲೆ ಐದು ಸಲ ಆಸ್ಕರ್ ಫೆರ್ನಾಂಡಿಸ್. ಮೂವರು ಗೌಡ ಸಾರಸ್ವತರು, ಇಬ್ಬರು ಕ್ಯಾಥೊಲಿಕರು. ಐವರ ಮನೆಮಾತೂ ಕೊಂಕಣಿ! ಕುಂದಗನ್ನಡ ಮತ್ತು ತುಳು ಮಾತಾಡುವ ಕ್ಷೇತ್ರ ನಲವತ್ತು ವರ್ಷಕ್ಕೂ ಮಿಕ್ಕಿ ಬೇರೆ ಮನೆಮಾತಿನವರನ್ನೇ ದಿಲ್ಲಿಗೆ ಕಳಿಸಿತು, ಯಾರೂ ಅದನ್ನು ಒಂದು ಸಮಸ್ಯೆ ಅಂದುಕೊಳ್ಳಲಿಲ್ಲ.

ಇದನ್ನು ಹೇಳಿ ಚಪ್ಪಾಳೆ ಹೊಡೆಯುವ ಆಸೆ ನನಗೂ ಆಗುತ್ತದೆ. ಆದರೆ ಆ ಪಟ್ಟಿಯಲ್ಲಿ ಯಾರಿಲ್ಲ ಅಂತಲೂ ನೋಡಬೇಕಲ್ಲ. ಬಿಲ್ಲವರಿಲ್ಲ, ಮೊಗವೀರರಿಲ್ಲ, ಬಂಟರಿಲ್ಲ. ಗಂಗೊಳ್ಳಿಯ ಖಾರ್ವಿಗಳೂ ಕೊಂಕಣಿಯವರೇ, ಅವರಿಲ್ಲ. ದಲಿತರಿಲ್ಲ, ಕೊರಗರ ಮಾತು ದೂರ. ಒಬ್ಬ ಹೆಂಗಸೂ ಇಲ್ಲ. ಬ್ಯಾಂಕು, ಕಾಲೇಜು, ಇಂಗ್ಲಿಷ್, ಐಸಿಎಸ್ ಇವುಗಳ ಜೊತೆ ನಂಟಿದ್ದ ಸಮುದಾಯಗಳಿಗೆ ದಿಲ್ಲಿಯ ದಾರಿ ಬೇಗ ಸಿಕ್ಕಿತು. ಧರ್ಮ, ಭಾಷೆಯ ಲೆಕ್ಕದಲ್ಲಿ ಅದು ವೈವಿಧ್ಯ, ಜಾತಿ, ವರ್ಗದ ಲೆಕ್ಕದಲ್ಲಿ ಅಲ್ಲ. 1998ರಲ್ಲಿ ಐ. ಎಂ. ಜಯರಾಮ ಶೆಟ್ಟಿ, 1999ರಲ್ಲಿ ವಿನಯಕುಮಾರ್ ಸೊರಕೆ, 2004ರಲ್ಲಿ ಮನೋರಮಾ ಮಧ್ವರಾಜ್ ಗೆದ್ದಾಗ ಆ ಬಾಗಿಲು ತೆರೆಯಿತು. ಹಾಗೆ ತೆರೆದ ಹೊತ್ತಿಗೇ ಇನ್ನೊಂದು ಬಾಗಿಲು ಹಾಕಿಕೊಳ್ಳತೊಡಗಿತು. ಆಸ್ಕರ್ ನಂತರ ಈ ಕಡೆಯಿಂದ ಕ್ರೈಸ್ತರೊಬ್ಬರು ಲೋಕಸಭೆಗೆ ಹೋಗಿಲ್ಲ. ಜೋಕಿಂ ಆಳ್ವರದ್ದೂ ಇದೇ ಮೇಲ್ವರ್ಗದ ದಾರಿಯೇ, ಅದನ್ನು ಮರೆಮಾಚಬೇಕಿಲ್ಲ.

1967ರಲ್ಲಿ ಕೆನರಾ ಕ್ಷೇತ್ರ ಪಕ್ಷೇತರರಾಗಿ ನಿಂತ ಚುಟುಕು ಕವಿ, ರೈತ ಹೋರಾಟಗಾರ ದಿನಕರ ದೇಸಾಯಿಯವರ ಪಾಲಾಯಿತು. ಗೇಣಿದಾರರ ಪರ ದಶಕಗಳ ಕಾಲ ನಿಂತ ಮನುಷ್ಯನನ್ನು ಜನ ಆರಿಸಿದರು, ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. ಮರುವರ್ಷ ಆಳ್ವ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿ ಅವರ ಹೆಂಡತಿ ಆಗಲೇ ಎತ್ತರದ ಕುರ್ಚಿಯಲ್ಲಿ ಕೂತಿದ್ದರು.

ವಯೊಲೆಟ್ 1957ರಿಂದ 1962ರವರೆಗೆ ಗೃಹಖಾತೆಯ ಉಪಮಂತ್ರಿ. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ. ರಾಜ್ಯಸಭೆಯ ಅಧ್ಯಕ್ಷಪೀಠದಲ್ಲಿ ಕೂತ ಮೊದಲ ಮಹಿಳೆ. ಇನ್ನೊಂದು ವಿಷಯ: 1960ರಿಂದ ಅವರು ರಾಜ್ಯಸಭೆಯಲ್ಲಿ ಪ್ರತಿನಿಧಿಸಿದ್ದು ಮೈಸೂರು ರಾಜ್ಯವನ್ನು. ಅಹಮದಾಬಾದಿನ ಗುಜರಾತಿ ಹೆಣ್ಣುಮಗಳು ಕನ್ನಡಿಗರ ಪ್ರತಿನಿಧಿ. 1968ರಿಂದ ಮುಂದೆ ಸದನದಲ್ಲಿ ಗಂಡ ಎದ್ದು ಮಾತಾಡಲು ಹೆಂಡತಿಯ ಅನುಮತಿ ಕೇಳಬೇಕಾದ ದಿನಗಳು ಬಂದವು.

ಆಮೇಲೆ 1969. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿಯಾದರು, ಜುಲೈನಲ್ಲಿ ರಾಜೀನಾಮೆ ಕೊಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು, ಇಂದಿರಾ ಗಾಂಧಿಯವರ ಬೆಂಬಲದಿಂದ ಗೆದ್ದರು. ಖಾಲಿಯಾದ ಉಪರಾಷ್ಟ್ರಪತಿ ಸ್ಥಾನಕ್ಕೆ, ಏಳು ವರ್ಷದಿಂದ ಅದೇ ಸದನವನ್ನು ನಡೆಸುತ್ತಿದ್ದ ವಯೊಲೆಟ್ ತಮ್ಮ ಹೆಸರು ಬರಬಹುದೆಂದು ನಿರೀಕ್ಷಿಸಿದ್ದರು. ಇಂದಿರಾ ಒಪ್ಪಲಿಲ್ಲ. ಆಗಸ್ಟ್ ಕೊನೆಗೆ ಆಯ್ಕೆಯಾದವರು ಉತ್ತರ ಪ್ರದೇಶದ ಗೋಪಾಲ ಸ್ವರೂಪ ಪಾಠಕ್, ಅಲ್ಲಿಯತನಕ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ರಾಷ್ಟ್ರಪತಿ ದಕ್ಷಿಣದವರಾದರೆ ಉಪರಾಷ್ಟ್ರಪತಿ ಉತ್ತರದವರು ಎಂಬ ತಕ್ಕಡಿ ಆಗ ಸರಿಯಾಗಿ ತೂಗಿತು. ಗುಜರಾತಿ ಹುಟ್ಟಿನ, ಮೈಸೂರಿನ ಪ್ರತಿನಿಧಿಯಾದ, ಕ್ರೈಸ್ತ ಹೆಂಗಸನ್ನು ಆ ತಕ್ಕಡಿಯ ಯಾವ ತಟ್ಟೆಗೆ ಹಾಕುವುದು? ದಿಲ್ಲಿಯ ಪ್ರಾತಿನಿಧ್ಯದ ಲೆಕ್ಕ ಒಂದೇ ಗುರುತು ಇರುವವರಿಗೆ ಸಲೀಸು ಅಂತ ನನಗೆ ಅನ್ನಿಸುವುದು ಇಂಥ ಕಡೆ.

ನವೆಂಬರಿನಲ್ಲಿ ಕಾಂಗ್ರೆಸ್ ಎರಡಾಗಿ ಒಡೆಯಿತು. ಅದೇ ತಿಂಗಳು ವಯೊಲೆಟ್ ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, ನವೆಂಬರ್ 20ರಂದು, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. 61 ವರ್ಷ. ಆಳ್ವ ಇನ್ನೂ ನಾಲ್ಕೂವರೆ ವರ್ಷ ಅದೇ ಸದನದಲ್ಲಿ ಕೂತರು, ಪೀಠದಲ್ಲಿ ಬೇರೆ ಯಾರೋ ಇದ್ದರು. 1974ರ ಏಪ್ರಿಲ್‌ನಲ್ಲಿ ಅವರ ಅವಧಿ ಮುಗಿಯಿತು. ಅದೇ ತಿಂಗಳು ಅವರ ಸೊಸೆ, ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ, ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಕುಟುಂಬ ರಾಜಕಾರಣ ಅಂತ ನೀವು ಗೊಣಗಬಹುದು, ಗೊಣಗಬೇಕಾದ್ದೇ. ಜೋಕಿಂ ಆಳ್ವ 1979ರ ಜೂನ್ 28ರಂದು ತೀರಿಕೊಂಡರು.

2008ರಲ್ಲಿ ಅಂಚೆ ಇಲಾಖೆ ದಂಪತಿಯ ಅಂಚೆಚೀಟಿ ತಂದಿತು. ಆ ವರ್ಷವೇ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದು ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ನಕಾಶೆಯಿಂದಲೇ ಅಳಿಸಿಹೋಯಿತು. ಕುಂದಾಪುರ ಘಟ್ಟದ ಮೇಲಿನ ಚಿಕ್ಕಮಗಳೂರಿನ ಜೊತೆ ಸೇರಿತು. ಬೈಂದೂರಿನವರು ಈಗ ಲೋಕಸಭೆಗೆ ವೋಟು ಹಾಕುವುದು ಶಿವಮೊಗ್ಗ ಕ್ಷೇತ್ರದಲ್ಲಿ. ಗೆರೆ ಎಳೆಯುವವರಿಗೆ ನಮ್ಮ ಮೇಲಿನ ಪ್ರೀತಿ ಇನ್ನೂ ಹೋಗಿಲ್ಲ.

ಮಾರ್ಗರೆಟ್ 1999ರಲ್ಲಿ ಮಾವನ ಅದೇ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು, 2004ರಲ್ಲಿ ಸೋತರು. 2022ರ ಆಗಸ್ಟಿನಲ್ಲಿ, ಅತ್ತೆಗೆ ತಪ್ಪಿದ ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಿಂತರು. ಜಗದೀಪ್ ಧನಕರ್ ಅವರಿಗೆ 528 ಮತ, ಇವರಿಗೆ 182.